ಲೋಟದ ಮುದ್ರೆಯ ಚೀಟಿ

ಯುದ್ಧದ ವರ್ಷಗಳಲ್ಲಿ ಮಂಗಳೂರಿನಿಂದ ಚಿಲ್ಲರೆ ಮಾಯವಾಯಿತು. ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ತಾಮ್ರವನ್ನೆಲ್ಲ ಕರಗಿಸಿ ಗುಂಡು ಮಾಡುತ್ತಿದ್ದಾರೆ ಎಂದು ಕೆಲವರು ಹೇಳಿದರು, ಜನರೇ ಹಿತ್ತಲಲ್ಲಿ ಹೂತಿಡುತ್ತಿದ್ದಾರೆ ಎಂದು ಇನ್ನು ಕೆಲವರು. ನಾನು ಆಗ ಊರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಆದ್ದರಿಂದ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ನಮ್ಮಲ್ಲಿ ನೋಟುಗಳಿದ್ದವು, ಚಿಲ್ಲರೆ ಇರಲಿಲ್ಲ. ಹತ್ತು ರೂಪಾಯಿಯ ನೋಟು ಮುರಿಸಲು ಬಂದವರಿಗೆ ಐದರ ಎರಡು ನೋಟು ಕೊಟ್ಟು, ಚಿಲ್ಲರೆಗೆ ಪಕ್ಕದ ಬೀದಿಯ ಬ್ಯಾಂಕಿಗೆ ಹೋಗಿ ಎನ್ನುತ್ತಿದ್ದೆವು. ಅವರು ನಮ್ಮಲ್ಲಿಗೆ ಕಳುಹಿಸುತ್ತಿದ್ದರು.

ಬ್ಯಾಂಕುಗಳಿಗೇನೂ ಬರವಿರಲಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಹಣ ಇದ್ದವರು ಅದನ್ನು ಬಂದರಿನ ಸಾಹುಕಾರರ ಬಳಿ ಇಡುತ್ತಿದ್ದರು, ಇಲ್ಲದವರು ಅದೇ ಸಾಹುಕಾರರಿಂದ ಸಾಲ ತರುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಒಂದೊಂದು ಜಾತಿಯವರೂ ಒಂದೊಂದು ಬ್ಯಾಂಕು ಕಟ್ಟಿಕೊಳ್ಳತೊಡಗಿದ್ದರು. ಮಾಳಿಗೆಯ ಮೇಲೆ ಎರಡು ಕೋಣೆ, ಕೆಳಗೆ ಒಂದು ಬಟ್ಟೆ ಅಂಗಡಿ, ಮೆಟ್ಟಿಲ ಬುಡದಲ್ಲಿ ಒಂದು ಬೋರ್ಡು. ಅದರಲ್ಲಿ ನಂಬಿಕೆ ಇಡಲು ಬೋರ್ಡಿಗಿಂತ ಹೆಚ್ಚಾಗಿ ಮಾಳಿಗೆಯಲ್ಲಿ ಕೂತವರ ಮನೆತನ ಗೊತ್ತಿರಬೇಕಾಗಿತ್ತು. ಗೊತ್ತಿರುತ್ತಿತ್ತು.

ಮಾವನ ಹೋಟೆಲು ಬಂದರಿನ ಒಂದು ಓಣಿಯ ಬಾಯಲ್ಲಿ ಇತ್ತು. ಮಾವ ಎಂದರೆ ನನ್ನ ತಾಯಿಯ ಅಣ್ಣ, ಉರ್ವದ ನಮ್ಮ ಮನೆಯ ಯಜಮಾನರು. ನಮ್ಮದು ಅಳಿಯಸಂತಾನದ ಕಟ್ಟು: ಮಾವನ ಆಸ್ತಿ ಅವರ ಸ್ವಂತ ಮಕ್ಕಳಿಗೆ ಹೋಗುವುದಿಲ್ಲ, ತಂಗಿಯ ಮಕ್ಕಳಿಗೆ ಬರುತ್ತದೆ. ಸಾಲವೂ ಹಾಗೆಯೇ. ಆದ್ದರಿಂದ ಈ ಹೋಟೆಲಿನ ಬಗ್ಗೆ ನಾನು ಹೇಳುವುದು ವಾರಸುದಾರನ ಮಾತು. ಅದನ್ನು ಅಷ್ಟಕ್ಕೇ ಹಿಡಿದುಕೊಳ್ಳಬೇಕು.

ಆಗ ಒಂದು ಲೋಟ ಕಾಫಿಗೆ ಅರ್ಧಾಣೆ. ಗಿರಾಕಿ ಒಂದಾಣೆ ಕೊಟ್ಟರೆ ವಾಪಸು ಕೊಡಲು ಅರ್ಧಾಣೆ ಇರುತ್ತಿರಲಿಲ್ಲ. ಕೆಲವರು ‘ನಾಳೆ ಕುಡೀತೇನೆ ಬಿಡಿ’ ಎಂದು ಹೋಗುತ್ತಿದ್ದರು, ನಾಳೆ ಬಂದು ‘ನಿನ್ನೆಯದ್ದು ಎರಡು ಉಂಟು’ ಎನ್ನುತ್ತಿದ್ದರು. ಹೀಗೆ ಜಗಳವಾಗತೊಡಗಿದ ಮೇಲೆ ಮಾವ ಆ ಅರ್ಧಾಣೆಯ ಬದಲಿಗೆ ಕೊಡಲು ಚೀಟಿ ಮಾಡಿಸಿದರು. ಬಟ್ಟೆ ಅಂಗಡಿಯ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿದ ತುಂಡುಗಳು. ಅವುಗಳ ಮೇಲೆ ಒಂದು ಮುದ್ರೆ. ಬಂದರಿನ ಕೂಲಿಯವರಲ್ಲಿ ಓದು ಬಂದವರು ಕಡಿಮೆ ಎಂದು ಮಾವ ಮುದ್ರೆಯಲ್ಲಿ ಅಕ್ಷರ ಹಾಕಿಸಲಿಲ್ಲ, ಬೆಲೆ ಹಾಕಿಸಲಿಲ್ಲ. ಒಂದು ಲೋಟದ ಚಿತ್ರ ಹಾಕಿಸಿದರು. ಹೆಂಚಿನ ಕಾರ್ಖಾನೆಯಲ್ಲಿ ಅಚ್ಚು ಕೆತ್ತುವ ಬಡಗಿಯೊಬ್ಬ ಹಲಸಿನ ಮರದಲ್ಲಿ ಅದನ್ನು ಕೆತ್ತಿದ. ಲೋಟ ಸ್ವಲ್ಪ ಬಾವಿಯ ಕೊಡಪಾನದ ಹಾಗೆ ಕಾಣುತ್ತಿತ್ತು, ಆದರೆ ಹೋಟೆಲಿನಲ್ಲಿ ಕೊಡಪಾನ ಯಾರೂ ಕೇಳಲಿಲ್ಲ.

ಬೆಲೆ ಹಾಕಿಸದೆ ಲೋಟ ಹಾಕಿಸಿದ್ದು ತಪ್ಪು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಬ್ಯಾಂಕಿನಲ್ಲಿದ್ದೆ.

ಮುದ್ರೆ ಒತ್ತುವ ಕೆಲಸ ಅಮ್ಮನದ್ದು. ಮಾವ ರಟ್ಟು ತಂದು ಹಾಕುತ್ತಿದ್ದರು, ಅಮ್ಮ ಮಧ್ಯಾಹ್ನದ ಊಟದ ನಂತರ ಚಾಪೆಯ ಮೇಲೆ ಕೂತು, ಶಾಯಿಯ ತಟ್ಟೆಯಲ್ಲಿ ಅದ್ದಿ, ಒತ್ತಿ, ಒಣಗಲು ಹರಡುತ್ತಿದ್ದರು. ನೆರೆಮನೆಯವರು ಹಪ್ಪಳವೆಂದು ತಿಳಿದು ಮಳೆಯ ಮೋಡ ಕಂಡಾಗ ಕೂಗಿ ಹೇಳುತ್ತಿದ್ದರು.

ಚೀಟಿ ಹೋಟೆಲಿನ ಒಳಗೇ ಇರುತ್ತದೆ ಎಂದು ಮಾವ ಅಂದುಕೊಂಡಿದ್ದರು. ಅದು ಹೊರಗೆ ಹೋಯಿತು. ಕೂಲಿಯವರು ಅದನ್ನು ಬೀಡಿ ಅಂಗಡಿಗೆ ಕೊಟ್ಟರು, ಬೀಡಿ ಅಂಗಡಿಯವನು ಕ್ಷೌರಿಕನಿಗೆ ಕೊಟ್ಟ, ಕ್ಷೌರಿಕ ಮೀನಿಗೆ ಕೊಟ್ಟ. ಯಾರಿಗೆ ಯಾವಾಗ ಬೇಕಾದರೂ ಅದಕ್ಕೆ ಬಿಸಿ ಕಾಫಿ ಸಿಗುತ್ತಿದ್ದುದರಿಂದ ಯಾರೂ ಬೇಡ ಎನ್ನಲಿಲ್ಲ. ದೇವಸ್ಥಾನವೊಂದರ ಕಾಣಿಕೆ ಡಬ್ಬಿಯಲ್ಲೂ ಸಿಕ್ಕಿತೆಂದು ಕೇಳಿದ್ದೇನೆ, ಅದನ್ನು ಅರ್ಚಕರೇ ಬಂದು ಕುಡಿದು ಹೋದರಂತೆ. ಇದು ಬಂದರಿನಲ್ಲಿ ಹುಟ್ಟಿದ ಮಾತೂ ಇರಬಹುದು. ಆದರೆ ನಮ್ಮ ಬ್ಯಾಂಕಿನ ಕ್ಯಾಶಿಯರು ಒಬ್ಬ ಗಿರಾಕಿಗೆ ಬಡ್ಡಿಯ ಲೆಕ್ಕದಲ್ಲಿ ಉಳಿದ ಅರ್ಧಾಣೆಗೆ ಮಾವನ ಚೀಟಿ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಗಿರಾಕಿ ತಕರಾರು ಮಾಡದೆ ಜೇಬಿಗೆ ಹಾಕಿಕೊಂಡರು.

ಒಮ್ಮೆ ಖೋಟಾ ಚೀಟಿಯೂ ಬಂತು. ಅದರಲ್ಲಿ ಲೋಟ ನಿಜವಾಗಿಯೂ ಲೋಟದ ಹಾಗಿತ್ತು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ, ತಂದವನಿಗೆ ಕಾಫಿ ಕೊಟ್ಟರು. ‘ಇದರಲ್ಲಿ ಸ್ವಲ್ಪ ಹೆಚ್ಚು ಹಿಡೀತದೆ’ ಎಂದರು.

ಕಾಫಿ ಕುಡಿಯುವ ಮೊದಲೇ ಜನ ಅದರ ಹಣ ಕೊಟ್ಟಿದ್ದರಲ್ಲ, ಆ ಹಣ ಮಾವನ ಗಲ್ಲಾದಲ್ಲಿ ಉಳಿಯಿತು. ಉಳಿದ ಹಣದಲ್ಲಿ ಅವರು ಅಮೃತಶಿಲೆಯ ಹಲಗೆಯ ಮೇಜುಗಳನ್ನು ತರಿಸಿದರು. ಬಂದರಿನಲ್ಲಿ ಅಂಥ ಮೇಜು ಬೇರೆ ಯಾವ ಹೋಟೆಲಿನಲ್ಲೂ ಇರಲಿಲ್ಲ. ನಮ್ಮ ಬ್ಯಾಂಕೂ ಇದನ್ನೇ ಮಾಡುತ್ತಿತ್ತು, ಆದರೆ ಅದಕ್ಕೆ ಹೆಸರು ಬೇರೆ ಇತ್ತು.

ಆಮೇಲೆ ಬೆಲೆಗಳು ಏರಿದವು. ಕಾಫಿ ಬೀಜಕ್ಕೆ ಬರವಿರಲಿಲ್ಲ, ಹಡಗು ಹತ್ತಿ ಯುರೋಪಿಗೆ ಹೋಗಬೇಕಾದ ಬೀಜವೆಲ್ಲ ಇಲ್ಲಿಯೇ ಬಿದ್ದಿತ್ತು. ಸಕ್ಕರೆಗೆ ಬರ, ಹಾಲಿಗೆ ಬರ, ಸೌದೆಗೆ ಬರ. ಒಂದು ಲೋಟ ಕಾಫಿ ಮುಕ್ಕಾಲಾಣೆಯಾಯಿತು, ಕೊನೆಗೆ ಒಂದಾಣೆ. ಚೀಟಿ ಮಾತ್ರ ಒಂದು ಲೋಟವೇ. ಅರ್ಧಾಣೆಗೆ ಪಡೆದ ಚೀಟಿಗೆ ಈಗ ಒಂದಾಣೆಯ ಕಾಫಿ ಬರುತ್ತಿತ್ತು. ನಮ್ಮ ಬ್ಯಾಂಕಿನ ಯಾವ ಠೇವಣಿಯೂ ಇಷ್ಟು ಬೇಗ ದುಪ್ಪಟ್ಟಾಗುತ್ತಿರಲಿಲ್ಲ. ಜನ ಚೀಟಿ ಖರ್ಚು ಮಾಡುವುದನ್ನು ಬಿಟ್ಟು ಕೂಡಿಡತೊಡಗಿದರು.

ಕೂಡಿಟ್ಟವರಲ್ಲಿ ಒಬ್ಬರು ನದಿಯಾಚೆ ಬೆಂಗ್ರೆಯಿಂದ ದಿನಾ ದೋಣಿಯಲ್ಲಿ ಬಂದು ಓಣಿಯಲ್ಲಿ ಮೀನು ಮಾರುತ್ತಿದ್ದ ಹೆಂಗಸು. ಅವರು ಕಾಫಿ ಕುಡಿಯುತ್ತಿದ್ದುದು ಹೊರಗಿನ ಜಗಲಿಯಲ್ಲಿ, ಬೇರೆ ಇಟ್ಟ ಲೋಟದಲ್ಲಿ. ಆ ಕಾಲದ ಕ್ರಮ ಹಾಗಿತ್ತು. ಅವರ ಕೈಯ ಚೀಟಿ ಒಳಗೆ ಬರುತ್ತಿತ್ತು, ಗಲ್ಲಾದಲ್ಲಿ ಉಳಿದ ಚೀಟಿಗಳ ಜೊತೆ ಕೂರುತ್ತಿತ್ತು. ಅವರು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ಬುಟ್ಟಿಯಲ್ಲಿ ಮೀನಿಲ್ಲದೆ ಬಂದರು. ನಾನು ಬ್ಯಾಂಕಿಗೆ ಹೋಗುವ ಮೊದಲು ಅಲ್ಲಿ ಕಾಫಿ ಕುಡಿಯುತ್ತಿದ್ದೆ. ಮಳೆ ಸುರಿಯುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಸುರಿಯುತ್ತಿರಲಿಕ್ಕಿಲ್ಲ, ಅವರು ಬಂದದ್ದು ಮದುವೆಯ ಮಾತಿಗೆ, ಮದುವೆಗಳು ಮಳೆಗಾಲದಲ್ಲಿ ಆಗುವುದಿಲ್ಲ.

‘ಧನಿಗಳೇ, ಮಗಳಿಗೆ ಮದುವೆ. ಬರುವ ವಾರ.’

‘ಒಳ್ಳೆದಾಗ್ಲಿ. ಎಷ್ಟು ಬೇಕು?’ ಎಂದರು ಮಾವ. ಸಾಲ ಕೇಳಲು ಬಂದದ್ದೆಂದು ಅವರಿಗೆ ಅನಿಸಿತ್ತು.

‘ಕೇಳ್ಲಿಕ್ಕೆ ಬಂದದ್ದಲ್ಲ. ನಂದೇ ಉಂಟು.’

ಅವರು ಬುಟ್ಟಿಯ ಮೇಲಿನ ಬಾಳೆಲೆ ಸರಿಸಿದರು. ಬುಟ್ಟಿಯ ತುಂಬ ಚೀಟಿ. ಮೀನಿನ ವಾಸನೆ ಓಣಿಗಿಂತ ಹೆಚ್ಚಾಗಿ ಆ ರಟ್ಟಿನಲ್ಲಿತ್ತು.

ಮಾವ ಗಲ್ಲಾ ಬಿಟ್ಟು ಎದ್ದು ಬಂದು ಬುಟ್ಟಿಯೊಳಗೆ ಬಗ್ಗಿ ನೋಡಿದರು. ‘ಇಷ್ಟು ಕಾಫಿ ನಿನಗೆ ಯಾಕೆ ಮಾರಾಯ್ತಿ?’

‘ನನಗೆ ಯಾಕೆ? ದಿಬ್ಬಣಕ್ಕೆ. ಗಂಡಿನ ಕಡೆಯವರಿಗೆ ಹೇಳಿ ಆಗಿದೆ, ಬಂದರಿನ ಹೋಟೆಲಿನ ಕಾಫಿ ಅಂತ. ಚಿನ್ನ ಸ್ವಲ್ಪ ಕಡಿಮೆ ಆದ್ರೂ ಅಡ್ಡಿ ಇಲ್ಲ ಅಂದ್ರು.’

‘ಸಕ್ಕರೆ ಎಲ್ಲಿಂದ ತರ್ಲಿ?’

‘ಚೀಟಿಯಲ್ಲಿ ಸಕ್ಕರೆ ಇಲ್ಲ. ಲೋಟ ಉಂಟು.’

‘ನೀನು ಇದನ್ನು ತಗೊಳ್ಳುವಾಗ ಕಾಫಿಗೆ ಅರ್ಧಾಣೆ. ಈಗ ಒಂದಾಣೆ.’

‘ಹೌದಾ? ಲೋಟ ದೊಡ್ಡದಾಗಿದ್ಯಾ?’

ಜಗಲಿಯಲ್ಲಿ ಕೂತಿದ್ದ ಕೂಲಿಯವರು ನಕ್ಕರು. ಮಾವ ನಗಲಿಲ್ಲ. ‘ಇಷ್ಟನ್ನು ನೀನು ಬ್ಯಾಂಕಿನಲ್ಲಿ ಇಡಬಹುದಿತ್ತು. ಇವನೇ ಇದ್ದಾನೆ ನೋಡು ಬ್ಯಾಂಕಿನವ,’ ಎಂದು ನನ್ನತ್ತ ಬೆರಳು ಮಾಡಿದರು.

‘ಹೋಗಿದ್ದೆ. ಬುಟ್ಟಿ ಹೊರಗಿಡು ಅಂದ್ರು. ಹೊರಗಿಟ್ಟು ಒಳಗೆ ಹೋದ್ರೆ ಬೆಕ್ಕು ಬಡ್ಡಿ ತಿಂತದೆ.’

ಯೋಚಿಸಿ ಹೇಳುತ್ತೇನೆ ಎಂದರು ಮಾವ. ಆ ಮಾತು ಅವರು ಹಿಂದೆಂದೂ ಆಡಿರಲಿಲ್ಲ. ಚೀಟಿ ಕೊಟ್ಟರೆ ಕಾಫಿ ಕೊಡುವುದು, ನಡುವೆ ಯೋಚನೆಗೆ ಜಾಗವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ‘ಧನಿ ಯೋಚನೆ ಮಾಡ್ತಿದ್ದಾರಂತೆ’ ಎಂಬ ಸುದ್ದಿ ದೋಣಿ ಕಟ್ಟುವ ದಕ್ಕೆಯ ತುದಿ ಮುಟ್ಟಿತ್ತು. ಸಂಜೆ ಮಾಮೂಲಿಗಿಂತ ಹೆಚ್ಚು ಜನ ಚೀಟಿ ಹಿಡಿದು ಬಂದು, ಬಾಯಾರಿಕೆ ಇಲ್ಲದವರ ಹಾಗೆ ಕಾಫಿ ಕುಡಿದರು.

ಬ್ಯಾಂಕು ಬೀಳುವುದು ಹೇಗೆಂದು ನಮ್ಮ ಮ್ಯಾನೇಜರು ನನಗೆ ಹಿಂದೆ ಒಮ್ಮೆ ಹೇಳಿದ್ದರು: ಮೊದಲು ಒಬ್ಬ ಬರುತ್ತಾನೆ, ಅವನಿಗೆ ತಡಮಾಡಿ ಕೊಡುತ್ತಾರೆ, ಹಾಗೆ ತಡವಾದದ್ದನ್ನು ಇನ್ನೊಬ್ಬ ನೋಡುತ್ತಾನೆ. ಈಗ ನೋಡುವವರು ಜಗಲಿಯ ತುಂಬ ಇದ್ದರು. ಮಾವ ಆಕೆಗೆ ‘ಇಲ್ಲ’ ಎಂದರೆ ಬಂದರಿನ ಚೀಟಿಯೆಲ್ಲ ಒಂದೇ ಬೆಳಿಗ್ಗೆ ಹೋಟೆಲಿಗೆ ಬರುತ್ತದೆ, ಹೋಟೆಲು ಅಲ್ಲಿಗೆ ಮುಗಿಯುತ್ತದೆ. ಹೌದೆಂದರೆ ಅಷ್ಟು ಕಾಫಿಗೆ ಹಾಲು, ಸಿಹಿ, ಸೌದೆ ಕೊಳ್ಳಲು ಗಲ್ಲಾದಲ್ಲಿ ಹಣವಿಲ್ಲ, ಹೋಟೆಲು ಹೀಗೂ ಮುಗಿಯಬಹುದು.

ರಾತ್ರಿಯ ಊಟಕ್ಕೆ ಕೂತಾಗ ಮಾವ ಅಮ್ಮನನ್ನು ಕೇಳಿದರು: ‘ನೀನು ಒಟ್ಟು ಎಷ್ಟು ಒತ್ತಿದ್ದೀ?’

‘ನೀವು ರಟ್ಟು ತಂದಷ್ಟು.’

‘ಎಷ್ಟು ತಂದಿದ್ದೆ?’

‘ಅದು ನಿಮಗೆ ಗೊತ್ತಿರ್ಬೇಕು. ನಾನು ಲೋಟ ಒತ್ತುವವಳು.’

ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಗಂಜಿಗೆ ಉಪ್ಪಿನಕಾಯಿ ಇತ್ತು.

ಮರುದಿನವೋ ಅದರ ಮಾರನೆಯ ದಿನವೋ ಬಂದರಿನ ಗೋಡೆಯ ಮೇಲೆ ಸರಕಾರದ ನೋಟೀಸು ಅಂಟಿತು. ನಾಣ್ಯದ ಬದಲು ಯಾರೂ ಚೀಟಿ, ಬಿಲ್ಲೆ ಮುಂತಾದವನ್ನು ಕೊಡಕೂಡದು, ಕೊಟ್ಟರೆ ಶಿಕ್ಷೆ. ಇದು ಎರಡು ದಿನ ಮೊದಲೇ ಅಂಟಿತ್ತು, ಆ ಹೆಂಗಸು ಅದರ ಸುದ್ದಿ ಕೇಳಿಯೇ ಬುಟ್ಟಿ ತಂದದ್ದು ಎಂದು ಅಮ್ಮ ಆಮೇಲೆ ವಾದಿಸುತ್ತಿದ್ದರು. ಅಮ್ಮನ ಕ್ರಮದಲ್ಲಿ ಕಥೆ ಚೆನ್ನಾಗಿ ಕೂರುತ್ತದೆ. ಅದಕ್ಕೇ ನನಗೆ ಅದರಲ್ಲಿ ನಂಬಿಕೆ ಇಲ್ಲ.

ಬ್ಯಾಂಕಿನಲ್ಲಿ ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಕೋಟು ಹಾಕಿಕೊಂಡು ಬರಿಗಾಲಲ್ಲಿ ಕೂರುವವರು.

‘ನೋಟೀಸು ನೋಡಿದಿರಾ? ನಿಮ್ಮ ಮಾವನಿಗೆ ದೇವರು ಒಲಿದ ಹಾಗೆ ಆಯ್ತು. ಚೀಟಿಯೇ ಕಾನೂನಿಗೆ ವಿರುದ್ಧ. ಇನ್ನು ಯಾರಿಗೂ ಒಂದು ತೊಟ್ಟು ಕೊಡ್ಬೇಕಾಗಿಲ್ಲ. ಸರಕಾರದ ಕಡೆ ಕೈ ತೋರಿಸಿದ್ರೆ ಆಯ್ತು.’

ಹೇಳುತ್ತೇನೆ ಎಂದೆ.

‘ಆದ್ರೆ ಇವತ್ತೇ ಬೇಡ. ನಾಳೆಯಿಂದ ಹೇಳ್ಲಿ,’ ಎಂದು ಅವರು ಕೋಟಿನ ಒಳಜೇಬಿನಿಂದ ಚೀಟಿಯ ಒಂದು ಸಣ್ಣ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ‘ಇದು ನೋಟೀಸಿಗಿಂತ ಮೊದಲಿನದ್ದು. ಸಂಜೆ ಬರ್ತೇನೆ, ನಾಲ್ಕು ಜನ ಸ್ನೇಹಿತರೂ ಬರ್ತಾರೆ.’

ನಾನು ಮಾವನಿಗೆ ಎರಡನ್ನೂ ಹೇಳಿದೆ, ಕಾನೂನನ್ನೂ ಸ್ನೇಹಿತರನ್ನೂ. ಅವರು ಒಲೆಯ ಮುಂದೆ ಕೂತು ಸೌದೆ ಸರಿಸುತ್ತಿದ್ದರು. ಅಷ್ಟರಲ್ಲಿ ಮೂಟೆ ಹೊರುವವನೊಬ್ಬ ಬಾಗಿಲಲ್ಲಿ ನಿಂತು ಚೀಟಿ ತೋರಿಸಿದ.

‘ಧನೀ, ಇದು ನಡೀತದಾ?’

‘ಕುಡೀಲಿಕ್ಕೆ ನಡೀತದೆ. ಕೊಡ್ಲಿಕ್ಕೆ ನಡಿಯುವುದಿಲ್ಲ.’

‘ಎಷ್ಟು ದಿನ ನಡೀತದೆ?’

ಮಾವ ಉತ್ತರ ಕೊಡುವ ಮೊದಲು ಜಗಲಿಯಿಂದ ಇನ್ನೊಬ್ಬ ಹೇಳಿದ: ‘ಬೆಂಗ್ರೆಯ ಮದುವೆ ಆಗ್ಲಿ ಮಾರಾಯ, ಆಗ ಗೊತ್ತಾಗ್ತದೆ.’

ಮಾವ ಆ ಸಂಜೆ ಮೇಜುಗಳನ್ನು ಮಾರಿದರು. ಕೊಂಡವರು ಪೇಟೆಯ ಇನ್ನೊಂದು ಹೋಟೆಲಿನವರು. ಅವರು ತೂಕ ನೋಡಲು ಒಂದು ಮೇಜನ್ನು ಎತ್ತಿ, ಹಳೆಯದಾಗಿದೆ ಎಂದು ಬೆಲೆ ಇಳಿಸಿ, ಕೈಗಾಡಿಯಲ್ಲಿ ಹಾಕಿಕೊಂಡು ಹೋದರು. ಹಿಂದಿನ ಬಾಗಿಲಿನಿಂದ ಸಕ್ಕರೆ ಕೊಡುವವರಿದ್ದರು, ಆದರೆ ಅವರು ಕೇಳಿದ ಬೆಲೆಗೆ ಮೇಜುಗಳ ಜೊತೆ ಹೋಟೆಲನ್ನೂ ಮಾರಬೇಕಾಗುತ್ತಿತ್ತು. ಮಾವ ಬೆಲ್ಲ ಕೊಂಡರು. ಮೀನಿನ ಹೆಂಗಸಿಗೆ ಹೇಳಿಕಳುಹಿಸಿದರು: ಕಾಫಿ ಬರುತ್ತದೆ, ಬೆಲ್ಲದ್ದು. ಅವರಿಂದ ಬಂದ ಉತ್ತರ: ಬೆಲ್ಲವಾದರೆ ಹಾಲು ಒಡೆಯದ ಹಾಗೆ ನೋಡಿಕೊಳ್ಳಬೇಕು.

‘ಬುದ್ಧಿ ಹೇಳ್ತಾಳೆ,’ ಎಂದರು ಮಾವ. ಆದರೆ ಬೆಲ್ಲದ ಪಾಕವನ್ನು ಬೇರೆ ಪಾತ್ರೆಯಲ್ಲಿ ಹಾಕಿಸಿದರು.

ಮದುವೆಯ ದಿನ ನಾನು ಬ್ಯಾಂಕಿಗೆ ಜ್ವರವೆಂದು ಬರೆದು ಕಳುಹಿಸಿ, ತಾಮ್ರದ ಹಂಡೆಗಳ ಜೊತೆ ನದಿ ದಾಟಿಸುವ ಕಡವಿನ ದೋಣಿ ಹತ್ತಿದೆ. ಮಾವ ಅಂಚಿನಲ್ಲಿ ಕೂತು ಎರಡೂ ಕೈಗಳಿಂದ ಹಂಡೆ ಹಿಡಿದುಕೊಂಡಿದ್ದರು. ಇಷ್ಟು ವರ್ಷ ಬಂದರಿನಲ್ಲಿ ಇದ್ದರೂ ಅವರು ನದಿ ದಾಟಿ ಬೆಂಗ್ರೆಗೆ ಹೋದದ್ದು ಅದೇ ಮೊದಲು. ದೋಣಿಯವನು ಅಲ್ಲಿಯವನೇ, ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುವವನು. ದಾರಿಯಲ್ಲಿ ಅವನು ಹಂಡೆಯ ಮುಚ್ಚಳವನ್ನು ಎರಡು ಸಲ ನೋಡಿದ.

ಆಚೆ ದಡದಲ್ಲಿ ತೆಂಗಿನ ಗರಿಯ ಚಪ್ಪರ, ಮರಳಿನ ಮೇಲೆ ಚಾಪೆ. ಬಂದರಿನ ಅರ್ಧ ಜನ ಅಲ್ಲಿದ್ದರು. ಕರೆದವರೂ ಇದ್ದರು, ಚೀಟಿ ಇದ್ದವರೂ ಇದ್ದರು. ಮಾವ ಮೂರು ಕಲ್ಲು ಹೂಡಿ ಹಂಡೆ ಏರಿಸಿ, ಪಂಚೆ ಎತ್ತಿ ಕಟ್ಟಿ, ಬಿಸಿ ಮಾಡಿ ಹೊಯ್ಯತೊಡಗಿದರು. ಲೋಟಗಳು ಸಾಕಾಗಲಿಲ್ಲ. ಹೋಟೆಲಿನ ಒಳಗಿನವೂ ಜಗಲಿಯವೂ ಒಂದೇ ಬುಟ್ಟಿಯಲ್ಲಿ ಬಂದಿದ್ದವು, ಬೇರೆ ಮಾಡಲು ಸಮಯವಿರಲಿಲ್ಲ. ಯಾವುದು ಯಾವುದೆಂದು ಆಮೇಲೆ ಯಾರಿಗೂ ಗೊತ್ತಾಗಲಿಲ್ಲ. ಮಾವ ಅದನ್ನು ನೋಡಿದರೋ ಇಲ್ಲವೋ ನನಗೆ ತಿಳಿಯದು.

ಗಂಡಿನ ಕಡೆಯ ಮುದುಕರೊಬ್ಬರು ಒಂದು ಗುಟುಕು ಕುಡಿದು, ನಾಲಗೆ ತಿರುಗಿಸಿ, ‘ಬೆಲ್ಲವಾ?’ ಎಂದು ಕೇಳಿದರು. ಚಪ್ಪರದ ಅಡಿ ಕೂತವರೆಲ್ಲ ಆ ಕಡೆ ತಿರುಗಿದರು.

‘ಬೆಲ್ಲವೇ,’ ಎಂದರು ಮದುಮಗಳ ತಾಯಿ, ಚಾಪೆಯ ಮೇಲೆ ಕೂತಲ್ಲಿಂದ. ‘ಸಕ್ಕರೆ ಎಲ್ಲಾ ಕಡೆ ಸಿಕ್ತದೆ. ಹೇಳಿ ಮಾಡ್ಸಿದ್ದು.’

ಮುದುಕರು ಲೋಟ ಮುಂದೆ ಚಾಚಿದರು. ಮಾವ ಹೊಯ್ದರು.

ಬಂದ ಜನ ಬುಟ್ಟಿಯ ಚೀಟಿಗಿಂತ ಹೆಚ್ಚಾದರು. ಮಾವ ಅದನ್ನು ಹೇಳಲು ಆಕೆಯ ಬಳಿ ಹೋದರು. ‘ನಿನ್ನ ಚೀಟಿ ಮುಗೀತು.’ ‘ಮುಗಿದ್ರೂ ಹೊಯ್ಯಿರಿ ಧನಿ, ನಾಡಿದ್ದು ಮೀನು ತಗೊಳ್ಳಿ. ನಾನೇನು ಊರು ಬಿಟ್ಟು ಹೋಗ್ತೇನಾ?’ ಮಾವ ಹಿಂದೆ ಬಂದು ಹೊಯ್ದರು. ಹಂಡೆಗಳ ತಳ ಕಾಣುವವರೆಗೂ ಹೊಯ್ದರು. ಮಾವನ ಕಣ್ಣಲ್ಲಿ ನೀರು ಬಂದಿತ್ತೆಂದು ಅಮ್ಮ ನಂತರದ ವರ್ಷಗಳಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಅಮ್ಮ ಅಲ್ಲಿರಲಿಲ್ಲ. ನಾನಿದ್ದೆ. ಸೌದೆ ಹಸಿ ಇತ್ತು.

ಹೊರಡುವಾಗ ಆಕೆ ಬುಟ್ಟಿಯ ಚೀಟಿಗಳನ್ನು ಒಂದು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು. ಮಾವ ಎಣಿಸಲಿಲ್ಲ. ಮನೆಗೆ ಹೋಗಿ ಒಲೆಗೆ ಹಾಕಬೇಕು, ಅಲ್ಲಿಗೆ ಸರಕಾರದ ತಂಟೆಯೂ ಮುಗಿಯಿತು ಎಂದು ನನಗೆ ಹೇಳಿದರು. ಅವರ ಮುಖದಲ್ಲಿ ಸಾಲ ತೀರಿಸಿದವರ ಸುಸ್ತು ಇತ್ತು.

ದೋಣಿ ನದಿಯ ನಡುವೆ ಬಂದಾಗ ಮಾವ ಸೊಂಟದಿಂದ ತಾಮ್ರದ ನಾಣ್ಯಗಳನ್ನು ತೆಗೆದು ದೋಣಿಯವನ ಕಡೆ ಚಾಚಿದರು. ಮೇಜು ಮಾರಿದ ಹಣದಲ್ಲಿ ಉಳಿದದ್ದು ಅದೇ. ಊರಿನಲ್ಲಿ ಎಲ್ಲರೂ ಹುಡುಕುತ್ತಿದ್ದ ನಿಜವಾದ ಚಿಲ್ಲರೆ. ದೋಣಿಯವನು ಹುಟ್ಟು ನಿಲ್ಲಿಸಿ ನೋಡಿದ.

‘ಚೀಟಿ ಇಲ್ವಾ ಧನಿ?’

‘ತಗೊ ಮಾರಾಯ, ಇದು ತಾಮ್ರ.’

‘ತಾಮ್ರಕ್ಕೆ ನಾಳೆ ಎಂತ ಸಿಗ್ತದೋ ಯಾರಿಗೆ ಗೊತ್ತು? ಚೀಟಿಗೆ ಕಾಫಿ ಸಿಗ್ತದೆ. ಇವತ್ತು ನೋಡಿದೆನಲ್ಲ.’

‘ಕೊಡ್ಬಾರ್ದು ಅಂತ ಸರಕಾರದ ಆರ್ಡರು ಉಂಟು.’

‘ಸರಕಾರ ಈ ದೋಣಿಯಲ್ಲಿ ಇಲ್ಲ.’

ಮಾವ ನನ್ನ ಮುಖ ನೋಡಿದರು. ‘ಇದಕ್ಕೆ ನಿಮ್ಮ ಬ್ಯಾಂಕಿನಲ್ಲಿ ಎಂತ ಹೇಳ್ತಾರೆ?’

‘ಅಪರಾಧ ಅಂತ ಹೇಳ್ತಾರೆ,’ ಎಂದೆ.

ದೋಣಿ ನೀರಿನ ಸೆಳೆತಕ್ಕೆ ಮೆಲ್ಲಗೆ ಕಡಲು ಸೇರುವ ಅಳಿವೆಯ ಕಡೆ ತಿರುಗುತ್ತಿತ್ತು. ದೋಣಿಯವನಿಗೆ ಅವಸರವಿರಲಿಲ್ಲ. ಮಾವ ಗಂಟು ಬಿಚ್ಚಿ, ಎರಡು ಚೀಟಿ ಆರಿಸಿ ಕೊಟ್ಟರು. ಅವನು ಅವನ್ನು ಅಡಿಕೆ ಹಾಳೆಯ ಮುಟ್ಟಾಳೆಯ ಮಡಿಕೆಯಲ್ಲಿ ಸಿಕ್ಕಿಸಿ, ಟೊಪ್ಪಿಯನ್ನು ತಲೆಗೆ ಒತ್ತಿಕೊಂಡು, ಹುಟ್ಟು ಹಾಕಿದ.

‘ನಾಳೆ ತೆರೀತೀರಲ್ಲ?’

‘ತೆರೀತೇನೆ. ಆದ್ರೆ ಮೇಜು ಹೋಯ್ತು. ಒಳಗೆ ಕೂತು ಕುಡೀಲಿಕ್ಕೆ ಆಗುವುದಿಲ್ಲ.’

‘ನಾವು ಒಳಗೆ ಕೂತದ್ದು ಯಾವಾಗ, ಧನಿ?’ ಎಂದ ಅವನು, ಸುಮ್ಮನೆ ವಿಚಾರಿಸುವವನ ಹಾಗೆ.

ದೋಣಿ ದಕ್ಕೆಗೆ ತಾಗಿತು. ನಾವು ಹಂಡೆಗಳನ್ನು ಇಳಿಸಿದೆವು.